ಸೊನ್ನೆ ಎಂದು ಬರೆದ ಬೆಂಚು

ಆ ಶನಿವಾರ ಬೆಳಿಗ್ಗೆ ಯಾಂತ್ರಾ ಹೊಳೆಯಿಂದ ಎದ್ದ ಮಂಜು ಏಳನೇ ಬ್ಲಾಕಿನ ಮೂರನೇ ಮಹಡಿಯವರೆಗೂ ಹತ್ತಿ ಕೂತಿತ್ತು. ಮಳೆ ಎನ್ನಲಾಗದ, ಮಳೆಯಲ್ಲ ಎನ್ನಲೂ ಆಗದ ಸೋನೆ. ಲಿಂಡನ್ ಹೂವಿನ ವಾಸನೆ ಒದ್ದೆಯಾಗಿ ನೆಲಕ್ಕಿಳಿದಿತ್ತು.

ಪೆಂತೆಕೋಸ್ತ್ ಹಬ್ಬದ ಹಿಂದಿನ ದಿನ ಅದು, ಸತ್ತವರ ಶನಿವಾರ. ತಿಹೋಮಿರ್ ತನ್ನ ಅಪ್ಪನ ಸಮಾಧಿಗೆ ಹೊರಟಿದ್ದ. ಕೈಯಲ್ಲಿ ಚೆರ್ರಿ ಹಣ್ಣಿನ ಕಾಗದದ ಚೀಲ.

"ಡೆನಿತ್ಸಾ, ಒಂದು ಉಪಕಾರ ಮಾಡ್ತೀಯಾ? ಇವತ್ತು ನನ್ನ ಬೆಂಚು ನೀನು ಎಣಿಸು. ಏಳರಿಂದ ಹನ್ನೊಂದು."

ನಾವಿಬ್ಬರೂ ನಗರ ಯೋಜನೆಯ ಮೂರನೇ ವರ್ಷದ ವಿದ್ಯಾರ್ಥಿಗಳು. ಆ ಜೂನ್ ತಿಂಗಳು ಊರಿನ ಯೋಜನಾ ಕಚೇರಿಯಲ್ಲಿ ಇಂಟರ್ನ್‌ಗಳಾಗಿದ್ದೆವು. ಕಾರು ನಿಲ್ಲಿಸಲು ಜಾಗ ಬೇಕಾಗಿತ್ತು. ವಸತಿ ಬ್ಲಾಕುಗಳ ಅಂಗಳದಲ್ಲಿ ಯಾವ ಬೆಂಚಿನ ಮೇಲೆ ಎಷ್ಟು ಜನ ಕೂರುತ್ತಾರೆಂದು ನಾವು ಎಣಿಸಬೇಕು. ಯಾರೂ ಕೂರದ ಬೆಂಚು ಹೋಗುತ್ತದೆ.

ಅವನು ನನ್ನ ಅಂಗೈಯಲ್ಲಿ ಒಂದು ಉಕ್ಕಿನ ಎಣಿಕೆ ಯಂತ್ರ ಇಟ್ಟ. ಹೆಬ್ಬೆರಳಿನಿಂದ ಒತ್ತಿದರೆ ಟಿಕ್ ಎಂದು ಒಂದು ಅಂಕಿ ಏರುತ್ತದೆ. ಬಸ್ ಕಂಡಕ್ಟರಾಗಿದ್ದ ಅವನ ಅಪ್ಪ ಇಪ್ಪತ್ತೆರಡು ವರ್ಷ ಪ್ರಯಾಣಿಕರನ್ನು ಅದರಲ್ಲೇ ಎಣಿಸಿದ್ದರಂತೆ.

"ಇದನ್ನ ಯಾರಿಗೂ ಕೊಡಬಾರದು ಅಂತಿದ್ದೆ."

"ನಾನು ಯಾರೂ ಅಲ್ವಾ?"

"ಅದನ್ನೇ ಯೋಚಿಸ್ತಿದೀನಿ," ಅಂದ. ಕಿವಿ ಕೆಂಪಾಗಿತ್ತು. ಮಾತು ಮರೆಸಲು ಚೀಲದಿಂದ ಒಂದೇ ತೊಟ್ಟಿನ ಎರಡು ಚೆರ್ರಿ ತೆಗೆದುಕೊಟ್ಟ. "ಅಪ್ಪನ ಹೆಸರಲ್ಲಿ."

"ದೇವರು ಕ್ಷಮಿಸಲಿ," ಅಂದೆ. ಸತ್ತವರ ಹೆಸರಿನ ತಿನಿಸು ಕೈಗೆ ಬಂದಾಗ ನಮ್ಮಲ್ಲಿ ಹಾಗೆ ಹೇಳಬೇಕು. ನನ್ನ ಮಾತು ನಾಲಿಗೆಯದಷ್ಟೇ, ಮನಸ್ಸಿಗಿಳಿಯಲಿಲ್ಲ.

ಎಂಟರವರೆಗೆ ಯಾರೂ ಬರಲಿಲ್ಲ. ಶೂ ಒಳಗೆ ನೀರು. ಈ ಸೋನೆಯಲ್ಲಿ ಯಾವ ಪುಣ್ಯಾತ್ಮರು ಬಂದು ಕೂರುತ್ತಾರೆ ಅಂದುಕೊಂಡು ಮೂಲೆಯ ಬೇಕರಿ ಹೊಕ್ಕೆ. ಅಲ್ಲಿ ಬೆಚ್ಚಗಿತ್ತು. ಸಕ್ಕರೆ ಉದುರಿಸಿದ ಬನ್ನು ತಿನ್ನುತ್ತಾ ಉಳಿದ ಮೂರು ತಾಸಿಗೂ ಸೊನ್ನೆ ಬರೆದೆ. ಬೆಂಚು ತಿಹೋಮಿರನದು, ಎಣಿಕೆಯ ಹಾಳೆಯ ಮೇಲೆ ಹೆಸರೂ ಅವನದೇ. ಸೋಮವಾರ ಅದನ್ನು ನಾನೇ ಕಚೇರಿಗೆ ಕೊಟ್ಟೆ.

ಬುಧವಾರ ಬೆಂಚು ಇರಲಿಲ್ಲ. ಅದರ ಕಾಲುಗಳಿದ್ದಲ್ಲಿ ನಾಲ್ಕು ಕುಳಿ, ಕುಳಿಗಳಲ್ಲಿ ಮಳೆನೀರು.

ಗುರುವಾರ ಏಳನೇ ಬ್ಲಾಕಿನ ಸ್ತಾಮೆನಾ ಅಜ್ಜಿ ಗೋಡೆ ಹಿಡಿದುಕೊಂಡು ಕಚೇರಿಯ ಮೆಟ್ಟಿಲು ಹತ್ತಿ ಬಂದಳು. ಸಂತೆಯಿಂದ ಬಂದವಳು ನಾಲ್ಕು ಮಹಡಿ ಹತ್ತುವ ಮೊದಲು ದಣಿವಾರಿಸಿಕೊಳ್ಳುತ್ತಿದ್ದದ್ದು ಆ ಬೆಂಚಿನ ಮೇಲೆ.

"ಯಾರಮ್ಮ ಎಣಿಸಿದ್ದು? ಶನಿವಾರ ಹತ್ತು ಗಂಟೆಗೆ ಸ್ಮಶಾನದಿಂದ ಬಂದು ಆರು ಜನ ಮುದುಕಿಯರು ಅಲ್ಲೇ ಕೂತು ಸತ್ತವರ ಹೆಸರಲ್ಲಿ ಬೇಯಿಸಿದ ಗೋಧಿ ತಿಂದ್ವಿ. ಆರು ಜನ ಸೇರಿದ್ರೆ ಸೊನ್ನೆ ಆಗುತ್ತಾ? ನಾವು ಸತ್ತವರನ್ನ ನೋಡಿಬಂದವರು, ಸತ್ತವರಲ್ಲ."

ನನ್ನ ಅಜ್ಜಿಯೂ ಪ್ರತಿವರ್ಷ ಹಾಗೆಯೇ ಬೆಳಗಾಗೆದ್ದು ಸ್ಮಶಾನಕ್ಕೆ ಹೋಗಿ ಹತ್ತಕ್ಕೆ ಮರಳುತ್ತಾಳೆ. ಅಂಗಳ ಯಾಕೆ ಖಾಲಿ, ಯಾವಾಗ ತುಂಬುತ್ತದೆ ಎಂದು ಗೊತ್ತಿದ್ದೂ ಗೊತ್ತಿಲ್ಲದವಳಾಗಿದ್ದೆ.

ಮುಖ್ಯಸ್ಥೆ ದ್ರಾಗ್ನೆವಾ ಮೇಡಂ ಹಾಳೆ ತಿರುಗಿಸಿದರು. "ತಿಹೋಮಿರ್, ನಿನ್ನ ಹೆಸರಿದೆ."

ಅವನು ನನ್ನತ್ತ ನೋಡಿದ. ಒಂದು ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೇ. ಆಮೇಲೆ ನೆಲ ನೋಡಿದ. "ಹೌದು ಮೇಡಂ."

"ನಿನ್ನ ಡೈರಿಗೆ ಮೊಹರು ಹಾಕಲ್ಲ. ಮುಂದಿನ ಬೇಸಿಗೆ ಮತ್ತೆ ಬಾ."

ಮೊಹರು ಬೀಳದಿದ್ದರೆ ಇಂಟರ್ನ್‌ಶಿಪ್ ಮುಗಿದಂತಲ್ಲ. ಅವನಿಗೆ ಒಂದು ವರ್ಷ ಹೋಗುತ್ತದೆ. ನಾನು ಬಾಯಿ ತೆರೆಯಬೇಕಿತ್ತು. ಬಾಯಲ್ಲಿ ಆ ಬನ್ನಿನ ಸಕ್ಕರೆ ಇನ್ನೂ ಅಂಟಿಕೊಂಡಂತಿತ್ತು. ತೆರೆಯಲಿಲ್ಲ.

ಮರುದಿನ ಬೆಳಿಗ್ಗೆ ಚರ್ಚಿಗೆ ಹೋದೆ. ಸತ್ತವರ ಮೇಣದಬತ್ತಿ ಕೆಳಗಿನ ಮರಳಿನ ತಟ್ಟೆಯಲ್ಲಿ ನೆಡಬೇಕು, ಹೆಸರು ಹೇಳಿ ನೆಡಬೇಕು. ಬತ್ತಿ ಹಿಡಿದು ಬಗ್ಗಿದೆ. ಅವನ ಅಪ್ಪನ ಹೆಸರೇ ನನಗೆ ಗೊತ್ತಿರಲಿಲ್ಲ. ಹಣ್ಣು ತಿಂದಿದ್ದೆ, ಹೆಸರು ಕೇಳಿರಲಿಲ್ಲ.

ಚೀಲದಲ್ಲಿದ್ದ ಯಂತ್ರ ತೆಗೆದೆ. ಕೊಟ್ಟ ದಿನದಿಂದ ಅದರ ಮುಖದ ಮೇಲೆ ನಾಲ್ಕು ಸೊನ್ನೆ. ಬೆನ್ನಿನ ಮೇಲೆ ಮೊಳೆಯಲ್ಲಿ ಗೀಚಿದ ಅಕ್ಷರ: ಕಾಮೆನ್.

ಅಲ್ಲಿಂದ ನೇರವಾಗಿ ಕಚೇರಿಗೆ ನಡೆದೆ. "ಮೇಡಂ, ಆ ಸೊನ್ನೆಗಳು ನನ್ನವು," ಅಂದೆ. ಬೇಕರಿಯನ್ನೂ ಬನ್ನನ್ನೂ ಬಿಡದೆ ಹೇಳಿದೆ.

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ತಿಹೋಮಿರನ ಡೈರಿ ಎಳೆದುಕೊಂಡು ಮೊಹರು ಒತ್ತಿದರು. ನನ್ನದನ್ನು ಮೊಹರಿಲ್ಲದೆ ಹಾಗೇ ನನ್ನ ಕಡೆಗೆ ಸರಿಸಿದರು.

"ನಕ್ಷೆ ಯಾರು ಬೇಕಾದ್ರೂ ಬರೀತಾರೆ, ಮಗು. ಯಾರ ಕಾಲು ಎಲ್ಲಿ ನೋಯುತ್ತೆ ಅಂತ ಕಲಿತುಕೊಂಡು ಬಾ. ಮುಂದಿನ ಜೂನಿಗೆ."

ತಿಹೋಮಿರನಿಗೆ ಮುಖ ತೋರಿಸಲಾಗದೆ ಕಚೇರಿಯ ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದೆ, ಬರುತ್ತಿದ್ದೆ. ಸೋಮವಾರ ಬೆಂಚು ತನ್ನ ಜಾಗಕ್ಕೆ ಮರಳಿತು. ಶನಿವಾರ ಏಳಕ್ಕೆ, ಯಾರೂ ಹೇಳದಿದ್ದರೂ, ಯಂತ್ರ ಹಿಡಿದು ಲಿಂಡನ್ ಮರದ ಕೆಳಗೆ ನಿಂತು ಎಣಿಸತೊಡಗಿದೆ. ಅವತ್ತೂ ಸೋನೆ. ಹನ್ನೊಂದಕ್ಕೆ ಐದು ನಿಮಿಷ ಇದ್ದಾಗ ಅವನು ಬಂದ.

"ನಿನಗೆ ಗೊತ್ತಿತ್ತು," ಅಂದೆ.

"ಅವತ್ತು ಬಸ್ಸಿನ ಕಿಟಕಿಯಿಂದ ನೋಡಿದೆ. ನೀನು ಬೇಕರಿ ಗಾಜಿನ ಹಿಂದೆ ಕೂತಿದ್ದೆ. ಮೂಗಿನ ಮೇಲೆ ಸಕ್ಕರೆ."

"ಮತ್ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ನೀನು ಒಂದು ದಿನ ಜಾಸ್ತಿನೇ ಕಾಯಿಸಿದೆ."

"ನನ್ನ ಮುಖ ನೋಡಬೇಡ."

"ಇನ್ಯಾರ ಮುಖ ನೋಡ್ಲಿ? ಸ್ತಾಮೆನಾ ಅಜ್ಜಿದಾ?"

ಬೆಂಚಿನ ಆ ತುದಿಯಿಂದ ಅಜ್ಜಿ ಹೇಳಿದಳು, "ನೋಡಪ್ಪ, ನೋಡು. ಐವತ್ತು ವರ್ಷದ ಹಿಂದೆ ಊರೇ ನೋಡ್ತಿತ್ತು."

ನಗು ಬಂತು, ಅದರ ಹಿಂದೆಯೇ ಅಳು. "ಮುಂದಿನ ಜೂನಿಗೆ ನಾನೊಬ್ಬಳೇ ಮತ್ತೆ ಇಲ್ಲಿ ನಿಲ್ಲಬೇಕು."

"ಒಬ್ಬಳೇ ಯಾಕೆ? ನಿನ್ನ ಪಕ್ಕ ಒದ್ದೆ ಶೂ ಹಾಕ್ಕೊಂಡು ಕೂರೋಕೆ ನನಗೆ ಮೊಹರು ಬೇಕಾ?" ಅಂದ. ಕಿವಿ ಮತ್ತೆ ಕೆಂಪಾಗಿತ್ತು. ಬೆಂಚಿನ ಮೇಲೆ ಕೂತ.

ನಾನು ಒಮ್ಮೆ ಒತ್ತಿದೆ. ಮೂವತ್ತೆಂಟು.

ಯಂತ್ರದ ಮೇಲಿನ ಹನಿಗಳನ್ನು ತೋಳಿನಿಂದ ಒರೆಸಿದೆ. ಜೇಬಿನಲ್ಲಿ ಬೆಳಗಿನಿಂದ ಕಾಪಾಡಿಕೊಂಡಿದ್ದ ಚೆರ್ರಿ ತೆಗೆದೆ, ಒಂದೇ ತೊಟ್ಟಿನ ಎರಡು. "ಕಾಮೆನ್ ಅವರ ಹೆಸರಲ್ಲಿ," ಅಂದೆ.

"ದೇವರು ಕ್ಷಮಿಸಲಿ," ಅಂದ ಅವನು, ಮೆಲ್ಲಗೆ.

ಅವನ ಅಂಗೈ ಬಿಡಿಸಿ ಹಣ್ಣನ್ನೂ ಅದರ ಪಕ್ಕಕ್ಕೆ ಅವನ ಅಪ್ಪನ ಯಂತ್ರವನ್ನೂ ಇಟ್ಟೆ.