ಪಟ್ಟಿಯಲ್ಲಿಲ್ಲದ ಬೀಗ

ಗಂಡನನ್ನು ಮಣ್ಣು ಮಾಡಿ ಬಂದ ಮರುದಿನ ನೆಂಟರು ಹೊರಟುಹೋದರು. ನಲ್ಲಿಯಲ್ಲಿ ನೀರು ಬಂತು, ಅವಳು ಹಿಡಿದಿಟ್ಟಳು. ಎಂಟು ಗಂಟೆಗೆ ಕಾರ್ಖಾನೆಯಿಂದ ಅವನ ಸಾಮಾನಿನ ಚೀಲ ಬಂತು, ಜೊತೆಗೆ ಸಹಿ ಹಾಕಲು ಒಂದು ಕಾಗದ. ‘ರಿಪೇರಿಗೆ ಮೊದಲು ಪ್ರೆಸ್ ಯಂತ್ರದ ಮೇನ್ ಸ್ವಿಚ್ಚಿಗೆ, ಯಾರೂ ಚಾಲೂ ಮಾಡದಂತೆ, ಬೀಗ ಹಾಕಿರಲಿಲ್ಲ. ಮೃತ ಮೆಕ್ಯಾನಿಕ್‌ನದೇ ನಿರ್ಲಕ್ಷ್ಯ.’

ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದರು. “ನನ್ನ ಮಗ ತನ್ನ ಸಾವನ್ನ ತಾನೇ ತಂದ್ಕೊಂಡ್ನೇನಮ್ಮ?”

ಅವಳು ಸಹಿ ಹಾಕಲಿಲ್ಲ. ಚೀಲದಲ್ಲಿ ಕನ್ನಡಕ, ಊಟದ ಡಬ್ಬಿ, ಕೀ ಗೊಂಚಲು. ಗೊಂಚಲಿನ ಒಂದು ಕೀ ಮನೆಯ ಯಾವ ಬೀಗಕ್ಕೂ ಹೊಂದಲಿಲ್ಲ. ಬೀದಿಯವರನ್ನೆಲ್ಲ ಕೇಳುತ್ತ ಹೋದಳು. ಎದುರು ಅಂಗಡಿಯ ದರ್ಜಿ ತಾತ ಕಣ್ಣು ಕಿರಿದು ಮಾಡಿ ನೋಡಿದರು.

“ನಂದೇ ಕಣಮ್ಮ. ಹೋದ ವಾರ ಅಂಗಡಿ ಬೀಗ ಇಸ್ಕೊಂಡು ಹೋದ. ಅಷ್ಟು ದೊಡ್ಡ ಫ್ಯಾಕ್ಟ್ರೀಲಿ ಒಂದು ಬೀಗಕ್ಕೂ ಗತಿ ಇಲ್ವೇನೋ ಅಂತ ರೇಗಿಸ್ದೆ. ನಗ್ಲಿಲ್ಲ.”

ಕಾರ್ಖಾನೆಗೆ ಅಂದೇ ವಿಚಾರಣೆಗೆ ಬಂದಿದ್ದ ಸರ್ಕಾರಿ ಮಹಿಳಾ ಇನ್ಸ್‌ಪೆಕ್ಟರ್ ಎದುರು ಅವಳು ಕೀ ಇಟ್ಟಳು.

ಒಳಗೆಲ್ಲ ಕನ್ನಡಿಯಂಥ ನೆಲ. ಗೋದಾಮು ಖಾಲಿ. ಮ್ಯಾನೇಜರ್ ವಿನಯದಿಂದಲೇ ವಿವರಿಸಿದ: ಬೇಕಾದದ್ದು ಬೇಕಾದಾಗ ಬರುತ್ತದೆ, ಹೆಚ್ಚಿನದು ಏನೂ ಇರಬಾರದು, ಪಟ್ಟಿಯಲ್ಲಿಲ್ಲದ ಅಥವಾ ಮೂವತ್ತು ದಿನ ಯಾರೂ ಮುಟ್ಟದ ವಸ್ತುವಿಗೆ ಸಹಿ ಮಾಡಿದ ಕೆಂಪು ಚೀಟಿ, ಶನಿವಾರ ಗುಜರಿಗೆ. ಸ್ವಿಚ್ಚಿನ ಬಳಿ ಕಾಯುತ್ತಿದ್ದ ಆಳನ್ನೂ ಹಾಗೆಯೇ ಕೈಬಿಟ್ಟಿದ್ದರಂತೆ.

“ರಿಪೇರಿ ಬೀಗಗಳು?” ಇನ್ಸ್‌ಪೆಕ್ಟರ್ ಕೇಳಿದರು.

“ಮೂವತ್ತು ದಿನದಲ್ಲಿ ಒಂದ್ಸಲಾನೂ ಬಳಸಿರ್ಲಿಲ್ಲ.”

“ಯಾಕೆ?”

“ಯಂತ್ರ ನಿಲ್ಲಿಸಿರ್ಲಿಲ್ಲ.”

“ನಿಲ್ಲಿಸೋಕೆ ಬಿಡದೆ ಇದ್ದೋರು ಯಾರು?”

ಮ್ಯಾನೇಜರ್ ಕೈಯಲ್ಲಿದ್ದ ಪಟ್ಟಿಯ ಹಾಳೆ ಮಗುಚಿದ.

ಸ್ವಿಚ್ ಹಾಕಿದ ಆಪರೇಟರನನ್ನು ಕರೆಸಿದರು. ತಾನು ಬಂದಾಗ ಅಲ್ಲಿ ಬೀಗವಿರಲಿಲ್ಲವೆಂದು ಅವನು ಅಳುತ್ತ ಹೇಳಿದ. ಅವನು ಸುಳ್ಳಾಡುತ್ತಿಲ್ಲವೆಂದು ಅವಳಿಗೆ ಅನ್ನಿಸಿತು. ಹಾಗಾದರೆ ನಡುವೆ ಕೈ ಹಾಕಿದವರು ಯಾರು?

“ಗುಜರಿ ಪೆಟ್ಟಿಗೆ ಎಲ್ಲಿದೆ?” ಎಂದಳು ಅವಳು.

ಅದನ್ನು ಯಾರೂ ತೆರೆದು ನೋಡಿರಲಿಲ್ಲ. ಎರಡು ಹಳೆಯ ಗಾಲಿಗಳ ಕೆಳಗೆ ಕೊಂಡಿ ಕತ್ತರಿಸಿದ ಬೀಗ. ಕೀ ಹಾಕಿದಳು. ಸಲೀಸಾಗಿ ತಿರುಗಿತು. ಬೀಗಕ್ಕೆ ಅಪಘಾತದ ದಿನದ ಕೆಂಪು ಚೀಟಿ: ‘ಪಟ್ಟಿಯಲ್ಲಿಲ್ಲದ ವಸ್ತು. ತೆಗೆದ ಸಮಯ 11:05.’ ಕೆಳಗೆ ಮ್ಯಾನೇಜರನ ಸಹಿ. ಕಾರ್ಖಾನೆಯ ದಾಖಲೆಯಂತೆ ಯಂತ್ರ ಶುರುವಾದದ್ದು 11:09ಕ್ಕೆ.

“ನಿಮ್ಮ ಬೀಗ ನೀವೇ ಎಸೆದ್ರಿ,” ಅವಳು ಮ್ಯಾನೇಜರನಿಗೆ ಹೇಳಿದಳು. “ಅವರು ಹೊರಗಿಂದ ತಂದು ಹಾಕಿದ್ರು. ಒಳಗೆ ಯಾರಿದ್ದಾರೆ ಅಂತ ನೋಡೋದು ಬಿಟ್ಟು, ಪಟ್ಟೀಲಿ ಬೀಗ ಇದ್ಯಾ ಅಂತ ನೋಡಿದ್ರಿ. ಚೀಟಿ ಇಲ್ಲದೆ ಏನೂ ಜಾಗ ಬಿಡಬಾರ್ದು ಅನ್ನೋದು ನಿಮ್ಮದೇ ನಿಯಮ. ಅದಕ್ಕೇ ಸಹಿ ಹಾಕಿದ್ರಿ.”

“ಆರ್ಡರ್ ತಡ ಆಗ್ತಿತ್ತು,” ಎಂದ ಅವನು.

ಬೀಗ, ಕೀ ಎರಡನ್ನೂ ಸಾಕ್ಷಿಯೆಂದು ಇನ್ಸ್‌ಪೆಕ್ಟರ್ ಇಟ್ಟುಕೊಂಡರು.

ಮನೆಗೆ ಬಂದು ಅತ್ತೆಯ ತಲೆಯ ಬಳಿ ಕೂತಳು. “ಬೀಗ ಹಾಕಿದ್ರು ಅತ್ತೆ.” ಅತ್ತೆ ಇತ್ತ ತಿರುಗಿದರು.

ಸಂಜೆ ಅದೇ ಅಳತೆಯ ಹೊಸ ಬೀಗ ತಂದು ದರ್ಜಿ ತಾತನ ಮುಂದಿಟ್ಟಳು. ಇರಲಿ ಬಿಡು ಎಂದರು ಅವರು.

“ಅವರು ಇಸ್ಕೊಂಡಿದ್ದು ತಾತ. ಕೊಡ್ಬೇಕು.”

ತಾತ ಎದ್ದು, ಬೀಗದ ಬದಲು ಷಟರಿಗೆ ಸುತ್ತಿದ್ದ ತಂತಿಯನ್ನು ಬಿಚ್ಚತೊಡಗಿದರು.