ಎರಡು ಹೆಬ್ಬೆರಳು

ನಾಲ್ಕನೆಯ ದಿನ ಬೆಳಿಗ್ಗೆ ಏಳು ಹತ್ತಕ್ಕೆ ಶಿಬಿರದ ವಾಕಿಟಾಕಿ ಕರಕರ ಎಂದಿತು. ಓಟದಲ್ಲಿ ಮುಂದಿದ್ದ ಹೆಂಗಸು ಕವಲುದಾರಿಯ ಕೆಳಗೆ ಬಿದ್ದಿದ್ದಾಳೆ. ಜೀವಕ್ಕೆ ಅಪಾಯವಿಲ್ಲ. ಎಡಗಾಲು ಎರಡು ಕಡೆ ಮುರಿದಿದೆ.

ಅದು ಆರು ದಿನಗಳ ಬೆಟ್ಟದ ಓಟ. ದಿನಕ್ಕೆ ನಲವತ್ತು ಕಿಲೋಮೀಟರು ಹತ್ತಿ ಇಳಿಯುವುದು, ಸಂಜೆ ಡೇರೆಯಲ್ಲಿ ತಂಗುವುದು, ಮರುದಿನ ಆರಕ್ಕೆ ಎಲ್ಲರೂ ಒಟ್ಟಿಗೆ ಹೊರಡುವುದು. ಆರು ದಿನದ ಸಮಯ ಕೂಡಿದಾಗ ಯಾರದು ಕಡಿಮೆಯೋ ಅವರು ಗೆದ್ದಂತೆ. ದಾರಿಯುದ್ದಕ್ಕೂ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿರುತ್ತಾರೆ. ಓಡುವವರು ರಿಬ್ಬನ್ ನಂಬುತ್ತಾರೆ. ಬೇರೆ ಯೋಚನೆ ಮಾಡುವಷ್ಟು ಉಸಿರು ಅವರಲ್ಲಿ ಉಳಿದಿರುವುದಿಲ್ಲ.

ಕವಲಿನಲ್ಲಿ ರಿಬ್ಬನ್ ಬಲಗಡೆ ಇರಬೇಕಿತ್ತು. ಎಡಗಡೆ ಇತ್ತು. ಬಲಗಡೆಯ ಸರಿದಾರಿಗೆ ಅಡ್ಡಲಾಗಿ ಯಾರೋ ಎರಡು ಕಡ್ಡಿ ಇಟ್ಟಿದ್ದರು, ಒಂದರ ಮೇಲೊಂದು, ಕತ್ತರಿಯ ಹಾಗೆ.

ಎಂಟೂವರೆಗೆ ಸ್ಟ್ರೆಚರ್ ಶಿಬಿರಕ್ಕೆ ಬಂತು. ಎಲ್ಲರೂ ಗಾಯಾಳುವಿನ ಮುಖ ನೋಡಿದರು. ಒಬ್ಬಳು ಮಾತ್ರ ಕಾಲು ನೋಡಿದಳು.

ಅವಳ ಕೆಲಸವೇ ಅದು. ಓಡಿ ಬಂದವರ ನೀರುಗುಳ್ಳೆ ಒಡೆದು, ಒರೆಸಿ, ಟೇಪು ಸುತ್ತುವುದು. ಎಲ್ಲರೂ ಅವಳನ್ನು ಪಟ್ಟಿ ಎಂದೇ ಕರೆಯುತ್ತಿದ್ದರು. ಮುಖ ನೋಡಿ ಮಾತಾಡಬೇಕೆಂದರೆ ಅವಳು ತಡವರಿಸುತ್ತಿದ್ದಳು. ಕಾಲಿನ ಮುಂದೆ ಆ ತೊಂದರೆಯಿಲ್ಲ. ಎಂಬತ್ತು ಜನರ ನೂರ ಅರವತ್ತು ಪಾದಗಳನ್ನು ಅವಳು ಕಣ್ಣುಮುಚ್ಚಿ ಗುರುತಿಸಬಲ್ಲಳು. ಆ ಪಾದಗಳು ಹೋದ ಎತ್ತರಗಳನ್ನು ನೆನೆದು ಒಮ್ಮೊಮ್ಮೆ ಅವಳಿಗೂ ಹೊಟ್ಟೆಕಿಚ್ಚಾಗುತ್ತಿತ್ತು. ಹೇಳಿಕೊಂಡವಳಲ್ಲ.

*

ಒಂಬತ್ತು ಗಂಟೆಗೆಲ್ಲ ಶಿಬಿರ ತೀರ್ಪು ಕೊಟ್ಟುಬಿಟ್ಟಿತ್ತು. ಮಾಡಿದ್ದು ತಂಗಿ.

ಬಿದ್ದವಳು ಅಕ್ಕ. ಅವಳಿಗಿಂತ ಹನ್ನೊಂದು ನಿಮಿಷ ಹಿಂದೆ, ಎರಡನೆಯ ಸ್ಥಾನದಲ್ಲಿ ಇದ್ದವಳು ಒಡಹುಟ್ಟಿದ ತಂಗಿ. ಅಕ್ಕನಿಗೆ ಇದು ನಾಲ್ಕನೆಯ ಓಟ, ತಂಗಿಗೆ ಮೊದಲನೆಯದು. ತಂಗಿಯ ಹೊಟ್ಟೆಕಿಚ್ಚು ಗುಟ್ಟಿನದಲ್ಲ. ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ ಸಮಯದ ಪಟ್ಟಿ ಓದಿದಾಗ, ಎಲ್ಲರೂ ಅಕ್ಕನ ಬೆನ್ನು ತಟ್ಟುತ್ತಿದ್ದಾಗ, ಅವಳು ನೀರಿನ ಬಾಟಲಿಯನ್ನು ನೆಲಕ್ಕೆ ಕುಕ್ಕಿ, ನಾಳೆ ಇವಳು ಎಲ್ಲಾದರೂ ಎಡವಿ ಬೀಳಲಿ ಎಂದಿದ್ದಳು. ನಲವತ್ತು ಜನ ಕೇಳಿಸಿಕೊಂಡಿದ್ದರು. ಕೆಲವರು ನಕ್ಕಿದ್ದರು. ಈಗ ಯಾರೂ ನಕ್ಕೆವೆಂದು ಒಪ್ಪುತ್ತಿರಲಿಲ್ಲ.

ಸಾಲದ್ದಕ್ಕೆ, ಬೆಳಿಗ್ಗೆ ಕವಲಿನ ಹತ್ತಿರ ನಿಂತು ಉಳಿದವರನ್ನು ತಡೆದವಳೂ ಅವಳೇ. ಕೆಳಗಿನಿಂದ ಅಕ್ಕ ಕೂಗಿದ್ದು ಕೇಳಿಸಿತು ಎಂದಳು. ಕೇಳಿಸಿತೋ, ಮೊದಲೇ ಗೊತ್ತಿತ್ತೋ ಎಂದು ಬೇರೆಯವರು ಕೇಳಿದರು.

ಓಟದ ಮುಖ್ಯಸ್ಥೆ ಆ ದಿನದ ಓಟ ನಿಲ್ಲಿಸಿದಳು. ಪೊಲೀಸರು ಬರಲಿ, ಸಂಜೆ ನಾಲ್ಕಕ್ಕೆ ತೀರ್ಮಾನ ಬರೆಯುತ್ತೇನೆ ಎಂದಳು. ತಪ್ಪು ಸಾಬೀತಾದರೆ ತಂಗಿ ಇನ್ನು ಜೀವಮಾನದಲ್ಲಿ ಯಾವ ಓಟದಲ್ಲೂ ಹೆಜ್ಜೆ ಇಡುವಂತಿಲ್ಲ.

ತಂಗಿ ಅದಕ್ಕೆ ಅಳಲಿಲ್ಲ. ಚಿಕಿತ್ಸೆಯ ಡೇರೆಯ ಬಾಗಿಲಿಗೆ ಹೋದಾಗ ಅಕ್ಕ ಮುಖ ತಿರುಗಿಸಿಕೊಂಡಳು. ಆಗ ಅತ್ತಳು.

*

ಇನ್ಸ್‌ಪೆಕ್ಟರ್ ಹನ್ನೆರಡು ಗಂಟೆಗೆ ಬಂದರು. ಜೀಪು ಕೆಳಗೇ ನಿಂತಿತ್ತು. ಹೊಸ ಬೂಟು ಹಾಕಿಕೊಂಡು ಮೂರು ಗಂಟೆ ಹತ್ತಿದ್ದರು. ಬಂದವರೇ ಪಟ್ಟಿಯ ಮುಂದಿನ ಸ್ಟೂಲಿನ ಮೇಲೆ ಕುಸಿದು, ಎರಡೂ ಹಿಮ್ಮಡಿ ಅವಳಿಗೆ ಒಪ್ಪಿಸಿದರು. ಅಲ್ಲಿ ಕೂತೇ ವಿಚಾರಣೆ ಶುರುಮಾಡಿದರು.

ಮೊದಲು ದಾರಿ ಮೇಸ್ತ್ರಿಯನ್ನು ಕರೆಸಿದರು. ರಿಬ್ಬನ್ ಕಟ್ಟಿಸುವವನು ಅವನೇ. ಹಿಂದಿನ ಸಂಜೆ ನಾಲ್ಕೂವರೆಗೆ ಮುಖ್ಯಸ್ಥೆಯ ಜೊತೆ ಕವಲಿನಲ್ಲೇ ನಿಂತು ನೋಡಿದ್ದ. ಎಲ್ಲ ಸರಿಯಿತ್ತು. ಐದೂವರೆಗೆ ಇಬ್ಬರೂ ಕೆಳಗೆ ಬಂದರು. ಏಳೂವರೆಗೆ ಊಟದ ಗಂಟೆ ಹೊಡೆಯಿತು, ಎಲ್ಲರೂ ಹಾಜರಿದ್ದರು. ಅದಾದ ಮೇಲೆ ಕಾವಲು ಇರುವುದರಿಂದ ಯಾರೂ ಹೊರಗೆ ಹೋಗುವಂತಿಲ್ಲ.

"ಅಂದ್ರೆ ಐದೂವರೆಯಿಂದ ಏಳೂವರೆ. ಎರಡು ಗಂಟೆ" ಎಂದರು ಇನ್ಸ್‌ಪೆಕ್ಟರ್. "ಹತ್ತೋಕೆ ಎಷ್ಟು ಹೊತ್ತು ಬೇಕು?"

"ಒಂದು ಗಂಟೆ ಮೇಲೆ ಬೇಕು ಸರ್, ಗಟ್ಟಿಗರಿಗೆ. ನಿಮಗೆ..." ಮೇಸ್ತ್ರಿ ಅವರ ಹಿಮ್ಮಡಿ ನೋಡಿ ಸುಮ್ಮನಾದ.

"ನನ್ನ ಲೆಕ್ಕ ಬೇಡ. ಆ ಕಡ್ಡಿಗಳು ನಿಮ್ಮವಾ?"

ಅಲ್ಲ ಎಂದ. ಮುಚ್ಚಿದ ದಾರಿಗೆ ಕಡ್ಡಿ ಅಡ್ಡ ಇಡುವುದು ಹಳೇ ಪದ್ಧತಿ. ಗಾಳಿಗೆ ಹಾರಿಹೋಗುತ್ತವೆಂದು ಆರು ವರ್ಷದ ಹಿಂದೆಯೇ ಬಿಟ್ಟು ಸುಣ್ಣದ ಪುಡಿ ಹಾಕುತ್ತಿದ್ದಾರೆ. ಎಡದಾರಿಗೆ ಹಾಕಿದ್ದ ಸುಣ್ಣವನ್ನು ಯಾರೋ ಕಾಲಿನಿಂದ ಕೆರೆದು ಅಳಿಸಿದ್ದರು. ಈಗಿನವರಿಗೆ ಕಡ್ಡಿಯ ಅರ್ಥವೂ ಗೊತ್ತಿಲ್ಲ.

ಎಡದಾರಿಯ ಬಗ್ಗೆ ಕೇಳಿದರು. ಮೊದಲು ಅದು ಒಳ್ಳೆಯ ದಾರಿಯೇ ಆಗಿತ್ತಂತೆ. ಗುಡ್ಡ ಸುತ್ತಿ ಮುಕ್ಕಾಲು ಗಂಟೆಯಲ್ಲಿ ಮತ್ತೆ ಸರಿದಾರಿಗೇ ಬಂದು ಸೇರುತ್ತಿತ್ತು. ಎರಡು ವರ್ಷದ ಹಿಂದಿನ ಮಳೆಗೆ ನಡುವೆ ಕುಸಿಯಿತು.

ಮೇಸ್ತ್ರಿ ಹೋದ ಮೇಲೆ ತಂಗಿ ಬಂದಳು. ಐದೂವರೆಯಿಂದ ಎಲ್ಲಿದ್ದೆ ಎಂದರೆ, ಹಳ್ಳದಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ ಎಂದಳು. ಒಬ್ಬಳೇ. ಯಾಕೆ?

"ಎಲ್ಲರೂ ಅವಳನ್ನ ಹೊಗಳ್ತಾ ಇದ್ರು ಸರ್. ನನ್ನ ಕೈಲಿ ನೋಡೋಕಾಗ್ಲಿಲ್ಲ."

"ಅಕ್ಕ ಬೀಳಲಿ ಅಂದಿದ್ಯಂತೆ."

"ಅಂದಿದೀನಿ. ಚಿಕ್ಕಂದಿನಿಂದ ಅಂತಿದೀನಿ. ಇವತ್ತೇ ಬಿದ್ದಿದ್ದು."

ಅವಳು ಹೊರಟ ಮೇಲೆ ಇನ್ಸ್‌ಪೆಕ್ಟರ್ ನಿಟ್ಟುಸಿರು ಬಿಟ್ಟರು. ತಮ್ಮ ಜೊತೆಗೆ ಸೇರಿದವನು ಎರಡು ಬಡ್ತಿ ತಗೊಂಡು ಮೇಲಿನ ಕುರ್ಚಿಯಲ್ಲಿ ಕೂತಿದ್ದಾನೆ, ಹೊಟ್ಟೆ ಉರಿ ಏನೆಂದು ತಮಗೂ ಗೊತ್ತು ಎಂದರು. ಈ ಹುಡುಗಿ ಮಾಡಿರಬಹುದು. ಅವಳನ್ನು ಹಳ್ಳದಲ್ಲಿ ನೋಡಿದವರೂ ಯಾರೂ ಇಲ್ಲ.

ಪಟ್ಟಿ ಅವರ ಬಲಹಿಮ್ಮಡಿಗೆ ಟೇಪು ಸುತ್ತುತ್ತಿದ್ದಳು. ಕೈ ನಿಂತಿತು.

"ಅವಳು ಹಳ್ಳದಲ್ಲೇ ಇದ್ದಿದ್ದು ಸರ್" ಎಂದಳು, ಹಿಮ್ಮಡಿಗೆ ಹೇಳುವಂತೆ.

"ನೀನು ನೋಡಿದ್ಯಾ?"

"ಅವಳನ್ನ ನೋಡ್ಲಿಲ್ಲ. ಕಾಲು ನೋಡ್ದೆ."

ಆಮೇಲೆ ಅವಳು ತಡವರಿಸುತ್ತ ವಿವರಿಸಿದಳು. ಹಿಂದಿನ ಸಂಜೆ ಏಳೂಕಾಲಿಗೆ ತಂಗಿ ಬಂದು ಕಾಲು ಚಾಚಿದ್ದಳು. ಮಧ್ಯಾಹ್ನ ಸುತ್ತಿದ ಟೇಪು ನೆಂದು ತೊಪ್ಪೆಯಾಗಿತ್ತು. ಅಂಗಾಲು ಬೆಳ್ಳಗೆ ಸುಕ್ಕುಗಟ್ಟಿತ್ತು. ಸುಮ್ಮನೆ ಅದ್ದಿ ತೆಗೆದರೆ ಹಾಗಾಗುವುದಿಲ್ಲ, ಒಂದು ಒಂದೂವರೆ ಗಂಟೆ ನೀರಿನಲ್ಲೇ ಇರಬೇಕು. ಅಂಥ ಅಂಗಾಲಿನಲ್ಲಿ ಕಲ್ಲುದಾರಿ ಓಡಿದರೆ ಚರ್ಮ ಸುಲಿದು ಬರುತ್ತದೆ. ಎಲ್ಲೂ ಸುಲಿದಿರಲಿಲ್ಲ.

"ಇಷ್ಟು ಹೊತ್ತು ಯಾಕಮ್ಮ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ ಸರ್."

*

ಹಾಗಾದರೆ ಯಾರು? ಇನ್ಸ್‌ಪೆಕ್ಟರ್ ಕುಂಟುತ್ತ ಚಿಕಿತ್ಸೆಯ ಡೇರೆಗೆ ಹೋದರು. ಟೇಪಿನ ಡಬ್ಬಿ ಹಿಡಿದು ಪಟ್ಟಿ ಹಿಂದೆ ಹೋದಳು.

ಅಕ್ಕ ಮಡಿಸುವ ಮಂಚದ ಮೇಲೆ ಮಲಗಿದ್ದಳು. ಮೋಡ ಸರಿದರೆ ಹೆಲಿಕಾಪ್ಟರ್ ಬರಬೇಕಿತ್ತು. ಪಕ್ಕದಲ್ಲಿ ಗಂಡ ಅವಳ ಕೈ ಹಿಡಿದು ಕೂತಿದ್ದ. ಊರುಗೋಲು ಮಂಚಕ್ಕೆ ಒರಗಿತ್ತು.

ಆತನನ್ನು ಆ ಬೆಟ್ಟಗಳಲ್ಲಿ ಎಲ್ಲರೂ ರೆಕಾರ್ಡು ಎಂದು ಕರೆಯುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಈ ಓಟವನ್ನು ಅತಿ ಕಡಿಮೆ ಸಮಯದಲ್ಲಿ ಮುಗಿಸಿದವನು. ಗಂಡಸರಲ್ಲೂ ಹೆಂಗಸರಲ್ಲೂ ಅದನ್ನು ಇನ್ನೂ ಯಾರೂ ಮುರಿದಿರಲಿಲ್ಲ. ಎರಡು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟಿತು. ಈಗ ಹೆಂಡತಿಯ ಚೀಲ ಕಟ್ಟುವುದು, ನೀರು ತುಂಬುವುದು, ಅವಳಿಗೆ ಹೇಳಿಕೊಡುವುದು ಆತನ ಕೆಲಸ. ರೆಕಾರ್ಡು ಬಂದ, ರೆಕಾರ್ಡಿಗೆ ಟೀ ಕೊಡಿ ಎಂದು ಜನ ಪ್ರೀತಿಯಿಂದಲೇ ಅನ್ನುತ್ತಿದ್ದರು.

ಅಕ್ಕ ಹೇಳಿದ್ದು ಇಷ್ಟು. ಮಂಜಿತ್ತು. ರಿಬ್ಬನ್ ಎಡಕ್ಕೆ ಕಂಡಿತು. ಅನುಮಾನ ಬಂದು ನಿಂತಳು. ಬಲದಾರಿಯಲ್ಲಿ ಅಡ್ಡ ಕಡ್ಡಿ ಕಂಡಮೇಲೆ ಅನುಮಾನ ಹೋಯಿತು. ತಂಗಿ ಇಷ್ಟು ಮುಂದಾಲೋಚನೆ ಮಾಡುತ್ತಾಳೆಂದು ತಿಳಿದಿರಲಿಲ್ಲ.

"ಕಡ್ಡಿಯ ಅರ್ಥ ನಿಮಗೆ ಯಾರು ಹೇಳಿಕೊಟ್ಟಿದ್ದು?"

"ಇವರೇ. ಹಳೇ ಪದ್ಧತಿಗಳೆಲ್ಲ ಇವರಿಗೆ ಗೊತ್ತು."

ಗಂಡ ತಲೆಯಾಡಿಸಿದ. ಹಿಂದಿನ ಸಂಜೆ ಎಲ್ಲಿದ್ದಿರಿ ಎಂದರೆ, ತಲೆನೋವೆಂದು ಐದರಿಂದ ಡೇರೆ ಮುಚ್ಚಿಕೊಂಡು ಮಲಗಿದ್ದೆ, ಗಂಟೆ ಹೊಡೆದಾಗ ಎದ್ದೆ ಎಂದ. ಈ ಕಾಲಿಟ್ಟುಕೊಂಡು ಇನ್ನೆಲ್ಲಿಗೆ ಹೋಗಲಿ ಸರ್ ಎಂದು ನಕ್ಕ.

ಪಟ್ಟಿಯ ಕಣ್ಣು ಅಭ್ಯಾಸಬಲದಿಂದ ಕೆಳಗೆ ಹೋಯಿತು. ಹೊರಗೆ ಮೈ ಕೊರೆಯುವ ಗಾಳಿ. ಶಿಬಿರದಲ್ಲಿ ಎಲ್ಲರ ಕಾಲಲ್ಲೂ ಬೂಟು. ಆತನ ಕಾಲಲ್ಲಿ ಬೆರಳು ಕಾಣುವ ಚಪ್ಪಲಿ.

ಬಲಗಾಲಿನ ಹೆಬ್ಬೆರಳಿಗೆ ಟೇಪು ಇತ್ತು. ಅದನ್ನು ಅವಳೇ ಸುತ್ತಿದ್ದು. ಬೆಳಿಗ್ಗೆ ಐದೂವರೆಗೆ ಆತ ಬಂದು, ಡೇರೆಯ ಗೂಟ ತಾಗಿತು ಎಂದು ಒಂದೇ ಕಾಲುಚೀಲ ಬಿಚ್ಚಿ ತೋರಿಸಿದ್ದ. ಹೋಗುವಾಗ ಇನ್ನೊಂದು ತುಂಡು ಟೇಪು ಕೇಳಿ ತಗೊಂಡಿದ್ದ. ಆ ತುಂಡು ಈಗ ಎಡಗಾಲಿನ ಹೆಬ್ಬೆರಳಿನ ಮೇಲಿತ್ತು. ಸೊಟ್ಟಪಟ್ಟ ಸುತ್ತಿತ್ತು. ಅಂಚಿನಲ್ಲಿ ಉಗುರು ಕಪ್ಪಗೆ ಕಾಣುತ್ತಿತ್ತು.

ಅವಳು ಇನ್ಸ್‌ಪೆಕ್ಟರರ ಅಂಗಿಯ ತೋಳು ಹಿಡಿದು ಎಳೆದಳು. ಜೀವನದಲ್ಲಿ ಅಪರಿಚಿತ ಗಂಡಸಿನ ಅಂಗಿ ಎಳೆದದ್ದು ಅದೇ ಮೊದಲು.

*

ಮೂರೂವರೆಗೆ ಇನ್ಸ್‌ಪೆಕ್ಟರ್ ಎಲ್ಲರನ್ನೂ ಆ ಡೇರೆಗೆ ಕರೆಸಿದರು. ಮುಖ್ಯಸ್ಥೆ ಕಾಗದ ಪೆನ್ನು ಹಿಡಿದೇ ಬಂದಳು. ತಂಗಿ ಬಾಗಿಲಲ್ಲೇ ನಿಂತಳು.

"ಹೇಳಮ್ಮ" ಎಂದರು ಇನ್ಸ್‌ಪೆಕ್ಟರ್. "ಮುಖ ನೋಡ್ಬೇಡ. ಕಾಲು ನೋಡ್ಕೊಂಡೇ ಹೇಳು."

ಪಟ್ಟಿ ನೆಲಕ್ಕೆ ಕೂತಳು. ರೆಕಾರ್ಡಿನ ಪಾದಗಳ ಎದುರಿಗೆ.

"ಗೂಟ ಒಂದು ಬೆರಳಿಗೆ ತಾಗುತ್ತೆ. ಎರಡೂ ಕಾಲಿನ ಹೆಬ್ಬೆರಳಿಗೆ ಒಂದೇ ಥರ ತಾಗಲ್ಲ."

ಅವಳ ದನಿ ಸ್ವಲ್ಪ ಗಟ್ಟಿಯಾಯಿತು. ಎರಡೂ ಹೆಬ್ಬೆರಳಿನ ಉಗುರಿನಡಿ ಒಟ್ಟಿಗೆ ರಕ್ತ ಕಟ್ಟುವುದು ಒಂದೇ ಕೆಲಸಕ್ಕೆ ಎಂದಳು. ಕಡಿದಾದ ಇಳಿಜಾರಿನಲ್ಲಿ ಜೋರಾಗಿ ಓಡಿ ಇಳಿದರೆ ಬೆರಳು ಬೂಟಿನ ಮೂತಿಗೆ ಗುದ್ದುತ್ತಲೇ ಇರುತ್ತದೆ. ಅದಕ್ಕೇ ಓಡುವವರು ಹೊರಡುವ ಹಿಂದಿನ ವಾರ ಉಗುರನ್ನು ಮಟ್ಟವಾಗಿ ಕತ್ತರಿಸುತ್ತಾರೆ. ಈ ಶಿಬಿರದಲ್ಲಿ ಉಗುರು ಉದ್ದ ಬಿಟ್ಟ ಓಟಗಾರ ಒಬ್ಬನೂ ಇಲ್ಲ.

"ಹೊಸಬರಿಗೆಲ್ಲ ಇವರೇ ಹೇಳ್ಕೊಡ್ತಾರೆ. ಮೊದಲು ಉಗುರು ಅಂತ. ಆದ್ರೆ ಇವರು ಓಡೋದು ಬಿಟ್ಟು ಎರಡು ವರ್ಷ ಆಯ್ತಲ್ಲ. ತಮ್ಮದನ್ನ ಕತ್ತರಿಸ್ಕೊಂಡಿರ್ಲಿಲ್ಲ."

ಉಳಿದದ್ದನ್ನು ಇನ್ಸ್‌ಪೆಕ್ಟರ್ ಹೇಳಿದರು. ಇದ್ದದ್ದು ಎರಡೇ ಗಂಟೆ. ಹತ್ತುವುದಕ್ಕೇ ಒಂದು ಗಂಟೆ ಮೇಲಾಗುತ್ತದೆ. ಊಟದ ಗಂಟೆಗೆ ಮುಖ ತೋರಿಸಬೇಕಾದರೆ ಓಡಿಯೇ ಇಳಿಯಬೇಕು. ಕಡ್ಡಿ ಇಟ್ಟವನು ಹಳಬ. ಹೊಸಬರನ್ನು ತಿರುಗಿಸಲು ರಿಬ್ಬನ್ ಒಂದೇ ಸಾಕಿತ್ತು. ಕಡ್ಡಿ ನೋಡಿ ದಾರಿ ಬಿಡುವವಳು ಒಬ್ಬಳೇ, ಅವನ ಕೈಯಲ್ಲಿ ಕಲಿತವಳು. ಎಡದಾರಿ ಕುಸಿದದ್ದನ್ನು, ಓಟಗಾರರಿಗೆ ರಿಬ್ಬನ್ ಸಾಕೆಂದು, ಸಹಾಯಕರ ಸಭೆಯಲ್ಲಿ ಮಾತ್ರ ಹೇಳಿದ್ದರು. ರೆಕಾರ್ಡಿಗೆ ಸಭೆ ಯಾಕೆ? ಆತ ಬಂದಿರಲಿಲ್ಲ.

"ಅವಳು ಸಾಯ್ಲಿ ಅಂತ ನೀವು ಮಾಡ್ಲಿಲ್ಲ, ಅದು ನನಗೆ ಗೊತ್ತು" ಎಂದರು. "ಮುಕ್ಕಾಲು ಗಂಟೆ ಸುತ್ತಿ ಬರ್ಲಿ ಅಂತ ಮಾಡಿದ್ರಿ. ಮೂರು ದಿನಕ್ಕೆ ನಿಮ್ಮ ಸಮಯಕ್ಕಿಂತ ಎಷ್ಟು ಮುಂದಿದ್ದರು ಇವರು?"

ಉತ್ತರ ಕೊಟ್ಟದ್ದು ಮುಖ್ಯಸ್ಥೆ. ಇಪ್ಪತ್ತೆರಡು ನಿಮಿಷ.

ಆತ ಊರುಗೋಲಿಗೆ ಕೈ ಚಾಚಿದ. ಅಕ್ಕ ಅದನ್ನು ಮಂಚದಿಂದ ಆಚೆ ತಳ್ಳಿದಳು. ಅದು ನೆಲದ ಮೇಲೆ ಉರುಳಿತು.

"ಮೊಣಕಾಲು ಯಾವಾಗ ವಾಸಿ ಆಯ್ತು?" ಎಂದು ಕೇಳಿದಳು.

ಆತ ನೆಲದ ಮೇಲಿನ ಊರುಗೋಲನ್ನು ನೋಡಿದ.

"ಆರು ತಿಂಗಳಾಯ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಓಡ್ಬೇಕಾಗ್ತಿತ್ತು. ನಿನ್ನ ಜೊತೆ ಓಡಿ ನಿನ್ನ ಹಿಂದೆ ಬರ್ಬೇಕಾಗ್ತಿತ್ತು" ಎಂದ. ಆಮೇಲೆ ಯಾರನ್ನೂ ನೋಡದೆ ಹೇಳಿದ. "ಇಲ್ಲಿ ನನಗೆ ಬೇರೆ ಹೆಸರಿಲ್ಲ. ನೀನು ಅದನ್ನೂ ತಗೊಂಡುಬಿಡ್ತಿದ್ದೆ."

ಇನ್ಸ್‌ಪೆಕ್ಟರ್ ಅವನ ತೋಳು ಹಿಡಿದರು. ಎದ್ದು ನಡೆದ. ಕುಂಟಲಿಲ್ಲ. ಕುಂಟುತ್ತಿದ್ದವರು ಇನ್ಸ್‌ಪೆಕ್ಟರ್ ಒಬ್ಬರೇ.

ಮುಖ್ಯಸ್ಥೆ ಕಾಗದ ಹರಿದು ಹಾಕಿದಳು.

*

ನಾಲ್ಕೂವರೆಗೆ ಮೋಡ ಸರಿಯಿತು. ಹೆಲಿಕಾಪ್ಟರಿನ ಸದ್ದು ದೂರದಲ್ಲಿ ಕೇಳಿಸಿತು. ತಂಗಿ ಮಂಚದ ಹತ್ತಿರ ಬಂದು ನಿಂತಿದ್ದಳು. ನಿನ್ನ ಮೇಲೆ ಅನುಮಾನಪಟ್ಟೆ ಎಂದಳು ಅಕ್ಕ. ಪಡುವಂಥ ಮಾತೇ ಆಡಿದ್ದೆ ಎಂದಳು ತಂಗಿ. ಆಸ್ಪತ್ರೆಗೆ ನಾನೂ ಬರುತ್ತೇನೆ, ಓಟ ಹಾಳಾಗಿ ಹೋಗಲಿ ಎಂದಳು.

"ಬೇಡ. ಓಡು."

"ನೀನಿಲ್ದೆ ಗೆದ್ರೆ ಏನು ಬಂತು?"

"ಓಡು ಅಂದ್ನಲ್ಲ, ಗೆಲ್ಲು. ನೀನು ಗೆದ್ರೆ ನನಗೆ ಹೊಟ್ಟೆ ಉರಿಯುತ್ತೆ. ಆಸ್ಪತ್ರೆಲಿ ಬಿದ್ಕೊಂಡು ಓಟ ಮುಗಿಯೋವರೆಗೂ ಉರಿಯುತ್ತೆ. ಆದ್ರೆ ನಾನು ಅದನ್ನ ನಿನ್ನ ಮುಖಕ್ಕೇ ಹೇಳ್ತಿದೀನಿ."

ತಂಗಿ ಅಳುತ್ತಲೇ ನಕ್ಕಳು. ಗೆದ್ದ ಕಪ್ ತಂದು ನಿನ್ನ ದಿಂಬಿನ ಪಕ್ಕದಲ್ಲೇ ಇಡ್ತೀನಿ, ಚೆನ್ನಾಗಿ ಉರ್ಕೋ ಎಂದಳು.

ಮರುದಿನ ಬೆಳಿಗ್ಗೆ ಆರಕ್ಕೆ ಓಟ ಮತ್ತೆ ಹೊರಟಿತು. ತಂಗಿ ಎಲ್ಲರಿಗಿಂತ ಮುಂದಿದ್ದಳು. ಇಲ್ಲಿಯವರೆಗೆ ಮೂರನೆಯ ಸ್ಥಾನದಲ್ಲಿದ್ದವಳು ಈಗ ಎರಡನೆಯವಳಾಗಿದ್ದಳು. ಅವಳು ತಂಗಿಯ ಬೆನ್ನನ್ನು ನುಂಗುವಂತೆ ನೋಡುತ್ತ, ಹಲ್ಲು ಕಚ್ಚಿ, ಹಿಂದೆಯೇ ಏರು ಹತ್ತಿದಳು.