ಉಸಿರು ತಡೆದು ಆಡುವ ಮಾತು

ನಾನು ವಿತೋಮಿರ್‌ನನ್ನು ಮೊದಲ ಸಲ ಬೈದದ್ದು ಒಂದು ಗರ್ಜನೆಗಾಗಿ.

ನಮ್ಮ ಲ್ಯುಬ್ಲ್ಯಾನಾದಲ್ಲಿ ಸೇತುವೆಯ ಮೇಲೆ ಡ್ರ್ಯಾಗನ್, ನಗರದ ಲಾಂಛನದಲ್ಲಿ ಡ್ರ್ಯಾಗನ್. ಆದರೂ ಅದು ಬಾಯಿಬಿಟ್ಟು ಮಾತಾಡಿದ್ದನ್ನು ನಾನಂತೂ ಕೇಳಿರಲಿಲ್ಲ. ನದಿದಂಡೆಯ ಬೊಂಬೆಯಾಟದ ರಂಗಮಂದಿರದವರು ಅದಕ್ಕೊಂದು ಭಾಷೆ ಬೇಕೆಂದಾಗ, ಡಾಕ್ಟರೇಟ್ ಪಡೆದು ವಿಶ್ವವಿದ್ಯಾಲಯದಲ್ಲಿ ವ್ಯಾಕರಣ ಪಾಠ ಮಾಡುವ ನಾನು, ಅಲೆಂಕಾ, ಎರಡು ವರ್ಷ ಕೂತು ಕಟ್ಟಿಕೊಟ್ಟೆ. ಡ್ರ್ಯಾಗನ್‌ಗೆ ತುಟಿಯಿಲ್ಲ, ಹಾಗಾಗಿ ಪ, ಬ, ಮ ಇಲ್ಲ. ವಾಕ್ಯ ಶುರುವಾಗುವುದು ಕ್ರಿಯಾಪದದಿಂದ. ಕಾಲಗಳು ಮೂರು: ಆರಿಹೋದದ್ದು, ಉರಿಯುತ್ತಿರುವುದು, ಇನ್ನೂ ಹೊತ್ತಿಕೊಳ್ಳದ್ದು. ಎಲ್ಲಕ್ಕಿಂತ ನನಗೆ ಹೆಮ್ಮೆಯಿದ್ದದ್ದು ಎದೆಯಾಳದಿಂದ ಎದ್ದು ಗಂಟಲಲ್ಲಿ ಉರುಳುವ ಆರು ಗರ್ಜನೆಗಳ ಬಗ್ಗೆ.

ಮೂರು ಜನ ಸೇರಿ ಎಳೆಯುವ ಆ ಮರದ ಡ್ರ್ಯಾಗನ್‌ಗೆ ಹಿಂದಿನಿಂದ ದನಿ ಕೊಡುವವನು ವಿತೋಮಿರ್. ಇಪ್ಪತ್ತು ವರ್ಷದಿಂದ ಊರಿನ ಮಕ್ಕಳೆಲ್ಲ ಕೇಳಿ ಬೆಳೆದ ದನಿ. ಬೇಕರಿಯಲ್ಲಿ ಬ್ರೆಡ್ ಕೇಳಿದರೂ ಸಾಲಿನಲ್ಲಿದ್ದವರು ತಿರುಗಿ ನೋಡುತ್ತಿದ್ದರು. ಆದರೆ ಅಂದಿನ ತಾಲೀಮಿನಲ್ಲಿ ಅವನು ನನ್ನ ಗರ್ಜನೆಗಳನ್ನು ಒಂದೊಂದಾಗಿ ನುಂಗುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು.

"ಗರ್ಜನೆ ಎಲ್ಲಿ ಹೋಯ್ತು, ವಿತೋಮಿರ್ ಅವರೇ? ಇದು ಡ್ರ್ಯಾಗನ್ನಾ, ನೆಗಡಿ ಆಗಿರೋ ಬೆಕ್ಕಾ?"

ಡ್ರ್ಯಾಗನ್ನಿನ ದವಡೆಯ ನಡುವಿನಿಂದ ಅವನ ಮುಖ ಇಣುಕಿತು. "ಡಾಕ್ಟ್ರಮ್ಮ, ನೀವು ಮಾಡಿದ ಭಾಷೇನ ನೀವೇ ಒಂದ್ಸಲ ಮಾತಾಡಿ ನೋಡಿದೀರಾ?"

"ಮಾತಾಡೋದು ನಿಮ್ಮ ಕೆಲಸ."

"ಅಡುಗೆ ಮಾಡಿದವರು ರುಚಿ ನೋಡ್ಬೇಕಲ್ವಾ?"

ಬೊಂಬೆ ಎಳೆಯುವವರು ನಕ್ಕರು. ಅವನು ಮಾತ್ರ ನಗಲಿಲ್ಲ. ಗಂಭೀರವಾಗಿ ನಿಂತು, ಬೊಂಬೆಯ ರೆಪ್ಪೆಯ ದಾರ ಎಳೆದು, ಡ್ರ್ಯಾಗನ್ನಿನಿಂದ ನನಗೆ ಕಣ್ಣು ಹೊಡೆಸಿದ. ನಾನು ಕಾಗದಗಳಲ್ಲಿ ಮುಖ ಹುದುಗಿಸಿದೆ. ಕೆನ್ನೆ ಬಿಸಿಯಾದದ್ದು ಕೋಪಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ.

ಅವನು ಹೇಳಿದ್ದು ನಿಜ. ಭಾಷೆ ಕಟ್ಟುವವರ ಗುಟ್ಟೇ ಅದು. ಇನ್ನೂರು ಪುಟ ವ್ಯಾಕರಣ ಬರೆಯುತ್ತೇವೆ, ಅದೇ ಭಾಷೆಯಲ್ಲಿ ಒಂದು ಲೋಟ ನೀರು ಕೇಳಲು ನಮ್ಮ ನಾಲಿಗೆ ತಿರುಗುವುದಿಲ್ಲ. ಇಡೀ ಜಗತ್ತಿನಲ್ಲಿ ಡ್ರ್ಯಾಗನ್ ಭಾಷೆ ಸಲೀಸಾಗಿ ಆಡುತ್ತಿದ್ದದ್ದು ಅವನೊಬ್ಬನೇ.

ತಾಲೀಮು ಮುಗಿದ ಮೇಲೆ ನಿರ್ದೇಶಕ ಸ್ತಾನೆ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿದ. ಅರವತ್ತು ದಾಟಿದ ಮನುಷ್ಯ, ಸುತ್ತಿಬಳಸಿ ಮಾತಾಡುವವನಲ್ಲ.

"ಇನ್ಮೇಲೆ ಅವನನ್ನ ಬೈಬೇಡ, ಅಲೆಂಕಾ. ಗಂಟಲಲ್ಲಿ ಗೆಡ್ಡೆ ಆಗಿದೆ, ಕೆಟ್ಟದ್ದು. ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಂತೆ."

"ಯಾವಾಗ?"

"ಹೋದ ತಿಂಗಳೇ ಆಗ್ಬೇಕಿತ್ತು. ಇವನು ಒಪ್ತಿಲ್ಲ. ದನಿ ಹೋದ್ಮೇಲೆ ಬದುಕಿ ಏನ್ ಮಾಡ್ಲಿ ಅಂತಾನೆ. ಡಾಕ್ಟ್ರು ಇನ್ನೊಂದೇ ಒಂದು ತಾರೀಕು ಕೊಟ್ಟಿದಾರೆ. ಮುಂದಿನ ತಿಂಗಳ ಹತ್ತನೇದು."

ನೆಗಡಿಯ ಬೆಕ್ಕು ಎಂದ ನನ್ನ ನಾಲಿಗೆಯನ್ನು ಕಚ್ಚಿಕೊಳ್ಳಬೇಕೆನಿಸಿತು. ಮೆಟ್ಟಿಲ ಮೇಲೇ ಕೂತು ಅತ್ತೆ. ಎರಡು ವರ್ಷ ವಾರಕ್ಕೆ ಮೂರು ದಿನ ಆ ದನಿ ಕೇಳಲೆಂದೇ ನಾನು ನೆಪ ಹುಡುಕಿಕೊಂಡು ಬರುತ್ತಿದ್ದೆ. ಅಷ್ಟು ದಿನ ವ್ಯಾಕರಣದ ಹೆಸರು ಹೇಳಿ ತಪ್ಪಿಸಿಕೊಂಡಿದ್ದೆ, ಅವತ್ತು ಆಗಲಿಲ್ಲ.

ಮರುದಿನ ಪರಿಚಯದ ವೈದ್ಯೆಯೊಬ್ಬಳ ಬಳಿ ಹೋಗಿ ಕೇಳಿದೆ: ಧ್ವನಿಪೆಟ್ಟಿಗೆ ತೆಗೆದ ಮೇಲೆ ಏನು ಉಳಿಯುತ್ತದೆ? ನಾಲಿಗೆ, ಹಲ್ಲು, ಕೆನ್ನೆ ಎಂದಳು ಅವಳು. ಉಸಿರಾಟ ಕುತ್ತಿಗೆಯ ರಂಧ್ರದಿಂದ. ಎದೆಯ ಗಾಳಿ ಬಾಯಿಗೆ ಬರುವುದಿಲ್ಲ. ಬಾಯಲ್ಲಿ ತುಂಬಿಕೊಂಡಷ್ಟು ಗಾಳಿಯೇ ಬಂಡವಾಳ.

ಮನೆಗೆ ಬಂದು ನನ್ನ ಆರು ಗರ್ಜನೆಗಳನ್ನೂ ಹೊಡೆದುಹಾಕಿದೆ. ಸ್ವರಗಳನ್ನು ಒಂದೂ ಬಿಡದೆ ತೆಗೆದೆ. ಉಳಿದದ್ದು ನಾಲಿಗೆಯ ಲೊಚ್, ಹಲ್ಲಿನ ಟಕ್, ಕೆನ್ನೆಯೊಳಗಿನ ಸಣ್ಣ ಸ್ಸ್. ಇದು ಭಾಷೆಯಾದೀತೇ ಎಂದು ಹೆದರಿದ್ದೆ. ಆಗ ಹೊಳೆಯಿತು, ಮೊದಲು ಮಾಡಿದ್ದೇ ತಪ್ಪು. ಡ್ರ್ಯಾಗನ್ನಿನ ಎದೆಯಲ್ಲಿರುವುದು ಬೆಂಕಿ. ಎದೆಯ ಉಸಿರಿನಿಂದ ಮಾತಾಡಿದರೆ ಎದುರಿಗಿದ್ದವರು ಸುಟ್ಟು ಬೂದಿಯಾಗುತ್ತಾರೆ. ಪಾಪದ ಪ್ರಾಣಿ, ಯಾರನ್ನಾದರೂ ಹತ್ತಿರ ಕೂರಿಸಿಕೊಳ್ಳಬೇಕಾದರೆ ಉಸಿರು ತಡೆದೇ ಮಾತಾಡಬೇಕು. ಹದಿನಾಲ್ಕು ದಿನ ನಾನು ವಿಶ್ವವಿದ್ಯಾಲಯಕ್ಕೆ ರಜೆ ಹಾಕಿ ಹೊಸ ಭಾಷೆ ಬರೆದೆ.

ಹೊಸ ಪುಸ್ತಕ ಹಿಡಿದು ಹೋದಾಗ ಅವನು ಖಾಲಿ ರಂಗದ ಅಂಚಿನಲ್ಲಿ ಕೂತಿದ್ದ.

"ಮೂಗು ಮುಚ್ಕೊಂಡು, ಉಸಿರು ಬಿಗಿ ಹಿಡಿದು ಓದಿ," ಎಂದೆ.

ಎರಡು ಪುಟ ತಿರುವುವಷ್ಟರಲ್ಲಿ ಅವನಿಗೆ ಅರ್ಥವಾಯಿತು. ಪುಸ್ತಕ ಮುಚ್ಚಿದ. "ಓಹೋ. ನನ್ನನ್ನ ಈಗಲೇ ಹೂತುಬಿಟ್ರಾ, ಡಾಕ್ಟ್ರಮ್ಮ?"

"ಹೂಳೋಕೆ ಮನಸ್ಸಿಲ್ಲ ಅಂತಲೇ ಬರೆದಿದ್ದು."

"ಕರುಣೆ ತೋರಿಸ್ತಿದೀರಿ."

"ಕರುಣೆ ಇದ್ದಿದ್ರೆ ಹಣ್ಣು ತಂದು ಕೊಡ್ತಿದ್ದೆ. ಎರಡು ವರ್ಷದ ಕೆಲಸ ಹರಿದು ಹಾಕ್ತಿದ್ನಾ?"

ಅವನು ಪುಸ್ತಕವನ್ನು ಮೊಣಕಾಲ ಮೇಲೆ ಇಟ್ಟುಕೊಂಡ. ಮಾತಾಡಿದಾಗ ದನಿ ಒಡೆದಿತ್ತು. "ನಂಗೆ ಇರೋದು ಇದೊಂದೇ, ಅಲೆಂಕಾ. ದನಿ ಇಲ್ಲದ ವಿತೋಮಿರ್‌ನ ಯಾರು ಗುರುತು ಹಿಡೀತಾರೆ?"

"ನಾನು," ಎಂದೆ. "ನಾನು ಹಿಡೀತೀನಿ."

ಅವನು ನನ್ನನ್ನೇ ನೋಡಿದ. ನಾನು ಕಣ್ಣು ತಪ್ಪಿಸಲಿಲ್ಲ. ಆಮೇಲೆ ಅವನು ಮೂಗು ಹಿಡಿದುಕೊಂಡು ಮೊದಲ ಸಾಲನ್ನು ಓದಿದ. ನನ್ನ ಬಾಯಲ್ಲಿ ಹುರಿಗಡಲೆ ಅಗಿದಂತೆ ಕೇಳುತ್ತಿದ್ದ ಸದ್ದುಗಳು ಅವನ ಬಾಯಲ್ಲಿ ಮಾತಾದವು.

ಹತ್ತನೇ ತಾರೀಕಿಗೆ ಅವನು ಒಪ್ಪಿಕೊಂಡ.

ಒಂಬತ್ತರ ಮಧ್ಯಾಹ್ನ ನಾವಿಬ್ಬರೇ ನದಿಯ ಪಕ್ಕದ ಹೋಟೆಲಿನಲ್ಲಿ ಕೂತಿದ್ದೆವು. ಅವನಿಗೆ ನುಂಗುವುದು ಕಷ್ಟ, ಸಾರು ಮಾತ್ರ ಕುಡಿದ. ಆಮೇಲೆ ಹೋಟೆಲಿನ ಊಟದ ಪಟ್ಟಿ ತೆಗೆದುಕೊಂಡು ಸಾರಿನಿಂದ ಸಿಹಿಯವರೆಗೆ ಒಂದೂ ಬಿಡದೆ ಗಟ್ಟಿಯಾಗಿ ಓದಿದ. ದನಿ ಒರಟಾಗಿತ್ತು, ಆದರೂ ಬಡಿಸುವ ಹುಡುಗಿ ತಟ್ಟೆ ಹಿಡಿದು ನಿಂತೇಬಿಟ್ಟಳು. ನಾನು ಕಾಯುತ್ತಿದ್ದೆ. ಪಟ್ಟಿ ಮುಗಿದ ಮೇಲೆ ಆ ಒಂದು ಮಾತು ಹೇಳುತ್ತಾನೆಂದು ಕಾಯುತ್ತಿದ್ದೆ.

"ನೀನು ಯಾವುದಕ್ಕೆ ಕಾಯ್ತಿದೀಯ ಅಂತ ಗೊತ್ತು," ಎಂದ. ಅವನು ನನ್ನನ್ನು ನೀನು ಎಂದದ್ದು ಅದೇ ಮೊದಲು. "ಹೇಳಲ್ಲ."

"ಯಾಕೆ?"

"ಇವತ್ತು ಹೇಳಿದ್ರೆ, ನಾಳೆಯಿಂದ ನೀನು ಈ ದನಿ ನೆನೆಸ್ಕೊಂಡು ಕೂರ್ತೀಯ. ನನ್ನ ಜೊತೆ ಇರಲ್ಲ, ಇದರ ಜೊತೆ ಇರ್ತೀಯ. ನಂಗೆ ಹೊಟ್ಟೆಕಿಚ್ಚಾಗತ್ತೆ."

ಅವನು ನಗಲು ನೋಡಿದ, ಕೆಮ್ಮು ಬಂತು. ನಾನು ಮೇಜಿನ ಮೇಲೆ ಅವನ ಕೈ ಹಿಡಿದುಕೊಂಡೆ. "ಅಲೆಂಕಾ," ಎಂದು ಒಮ್ಮೆ ಕರೆದ, ಸುಮ್ಮನೆ, ಕರೆಯುವುದಕ್ಕಾಗಿ.

ಶಸ್ತ್ರಚಿಕಿತ್ಸೆ ಏಳು ಗಂಟೆ ನಡೆಯಿತು. ಗೆಡ್ಡೆ ಪೂರ್ತಿ ಬಂದಿದೆ ಎಂದರು. ಸ್ತಾನೆ ಹೊರಗೆ ಗೋಡೆಗೆ ಆನಿಕೊಂಡು ಮಗುವಿನಂತೆ ಅತ್ತ. ಆಮೇಲೆ ಕಣ್ಣೊರೆಸಿಕೊಂಡು, "ಪ್ರದರ್ಶನ ವಸಂತಕ್ಕೆ ಹಾಕ್ತೀನಿ. ಅವನು ತಪ್ಪಿಸ್ಕೊಳ್ಳೋ ಹಾಗಿಲ್ಲ ಅಂತ ಹೇಳು," ಎಂದ.

ಆರನೆಯ ದಿನ ನನ್ನನ್ನು ಒಳಗೆ ಬಿಟ್ಟರು. ಆ ಆರೂ ದಿನ ನಾನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ. ಅವನು ಹೇಳದೆ ಉಳಿಸಿಕೊಂಡದ್ದನ್ನು ನಾನೇ ಹೇಳುವುದೆಂದು, ಅದೂ ಡ್ರ್ಯಾಗನ್ ಭಾಷೆಯಲ್ಲೇ ಹೇಳುವುದೆಂದು ತೀರ್ಮಾನಿಸಿದ್ದೆ. ಅವನಿಗೆ ದನಿಯಿಲ್ಲದಿರುವಾಗ ನಾನು ದನಿ ಎತ್ತಿ ಮಾತಾಡುವುದು ಅನ್ಯಾಯ ಅನ್ನಿಸಿತ್ತು.

ಅವನು ದಿಂಬಿಗೆ ಒರಗಿದ್ದ. ಕುತ್ತಿಗೆಗೆ ಬಿಳಿ ಬಟ್ಟೆ, ಮುಖ ಇಳಿದುಹೋಗಿತ್ತು. ನನ್ನನ್ನು ಕಂಡು ಕಣ್ಣು ಅರಳಿತು. ನಾನು ಮಂಚದ ಅಂಚಿನಲ್ಲಿ ಕೂತು, ಉಸಿರು ಬಿಗಿ ಹಿಡಿದು, ಹೇಳಿದೆ. ಲೊಚ್, ಟಕ್, ಸ್ಸ್. ಕ್ರಿಯಾಪದ ಮೊದಲು, ಉರಿಯುತ್ತಿರುವ ಕಾಲದಲ್ಲಿ. ನಡುವೆ ಎರಡು ಸಲ ತಪ್ಪಿ ಮತ್ತೆ ಶುರುಮಾಡಿದೆ. ಮುಗಿಸುವಷ್ಟರಲ್ಲಿ ಮುಖ ಕೆಂಪಾಗಿ ಏದುಸಿರು ಬಂದಿತ್ತು.

ಅವನು ಪೂರ್ತಿ ಕೇಳಿಸಿಕೊಂಡ. ಭುಜಗಳು ಕುಲುಕಿದವು; ಸದ್ದಿಲ್ಲದ ಆ ನಗೆಯನ್ನು ನಾನು ಮೊದಲ ಸಲ ನೋಡಿದೆ. ಹೊದಿಕೆಯ ಮೇಲಿದ್ದ ಸ್ಲೇಟು ಎಳೆದುಕೊಂಡು ನಿಧಾನವಾಗಿ ಬರೆದು ನನ್ನತ್ತ ತಿರುಗಿಸಿದ.

'ಇದು ಡ್ರ್ಯಾಗನ್‌ಗೆ. ನನಗೆ ನಮ್ಮ ಭಾಷೆಯಲ್ಲಿ ಹೇಳು. ನಾನು ಕಳ್ಕೊಂಡಿದ್ದು ಗಂಟಲು, ಕಿವಿ ಅಲ್ಲ.'

ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡುವವಳು ನಾನು. ಹುಟ್ಟಿದಾಗಿನಿಂದ ಆಡಿದ ಭಾಷೆಯ ಮೂರು ಪದಗಳಿಗೆ ಹೆದರಿ ಕೂತಿದ್ದೆ. ಅವನು ಅವಸರಿಸಲಿಲ್ಲ. ಕೈ ಚಾಚಿ ಎರಡು ಬೆರಳನ್ನು ನನ್ನ ಗಂಟಲಿನ ಮೇಲೆ ಹಗುರವಾಗಿ ಇಟ್ಟು ಕಾದ.

"ನಾನು ನಿನ್ನನ್ನ ಪ್ರೀತಿಸ್ತೀನಿ," ಎಂದೆ.

ಅವನ ಬೆರಳುಗಳ ಕೆಳಗೆ ನನ್ನ ದನಿ ನಡುಗಿದ್ದು ನನಗೇ ಗೊತ್ತಾಯಿತು. ಅವನು ಕಣ್ಣು ಮುಚ್ಚಿದ. ರೆಪ್ಪೆಯ ಅಂಚಿನಿಂದ ನೀರು ಇಳಿದು ಕಿವಿಯತ್ತ ಹರಿಯಿತು. ಬೆರಳು ತೆಗೆಯಲಿಲ್ಲ. ಇನ್ನೊಂದು ಕೈಯಿಂದ ತಡಕಾಡಿ, ನೋಡದೆಯೇ, ಸ್ಲೇಟಿನ ಮೇಲೆ ಸೊಟ್ಟಸೊಟ್ಟಗೆ ಗೀಚಿದ: 'ಇನ್ನೊಂದ್ಸಲ.'

ಹೇಳಿದೆ. ಪಕ್ಕದ ಹಾಸಿಗೆಯ ಮುದುಕ ತನ್ನ ರೇಡಿಯೋ ಆರಿಸಿ ಗೋಡೆಯ ಕಡೆ ತಿರುಗಿ ಮಲಗಿದ.